ಇಲಿ ಬಿದ್ದರೆ ಊರು ಬಿಡು

ಬೆಂಗಳೂರಿನ ತ್ಯಾಗರಾಜನಗರದಲ್ಲಿ ಒಂದು ಗುಡಿ ಇದೆ. ಒಳಗಿರುವ ದೇವಿಯನ್ನು ಜನ ಕರೆಯೋದು ಪ್ಲೇಗ್ ಅಮ್ಮ ಅಂತ. ಹೆಸರು ಕೇಳಿದ ತಕ್ಷಣ ಈಗಿನ ಹುಡುಗರು ನಗ್ತಾರೆ. ನಗಬೇಡಿ. ಮಾರಮ್ಮ, ಅಣ್ಣಮ್ಮ, ಯಲ್ಲಮ್ಮ ಅಂತ ತಲೆತಲಾಂತರದಿಂದ ಕೈ ಮುಗಿದುಕೊಂಡು ಬಂದ ಜನ ಒಂದು ಇಂಗ್ಲಿಷ್ ಪದವನ್ನು ತಂದು ಅಮ್ಮನ ಹೆಸರಿಗೆ ಜೋಡಿಸಿದರು ಅಂದ್ರೆ, ಆ ಪದ ಅವರನ್ನ ಎಷ್ಟು ನಡುಗಿಸಿರಬೇಕು, ಯೋಚನೆ ಮಾಡಿ. ಹಳೇ ಮೈಸೂರಿನ ಕಡೆ ಎಷ್ಟೋ ಊರುಗಳಲ್ಲಿ ಪ್ಲೇಗಮ್ಮ, ಪ್ಲೇಗಿನ ಮಾರಮ್ಮ ಇದ್ದಾಳೆ. ಅವಳು ಅಲ್ಲಿ ಬಂದು ಕೂತು ನೂರು ವರ್ಷದ ಮೇಲಾಯ್ತು.

ಇವತ್ತು ಆ ಪ್ಲೇಗಿನ ಕಥೆ ಹೇಳ್ತೀನಿ. ಯಾಕೀಗ ಹಳೇ ರೋಗದ ಪುರಾಣ ಅಂತ ನೀವು ಕೇಳಬಹುದು. ಕಾರಣ ಇದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ನಮ್ಮ ಸರ್ಕಾರಗಳು ಮೊದಲು ಕೈಗೆತ್ತಿಕೊಂಡ ಅಸ್ತ್ರ ಯಾವುದು ಗೊತ್ತಾ? 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬ್ರಿಟಿಷರು ಪ್ಲೇಗಿಗೆ ಅಂತ ಮಾಡಿದ ಕಾನೂನು. ವಯಸ್ಸು 123 ವರ್ಷ. ವೈರಸ್ ಹೊಸದು, ಲಾಠಿ ಹಳೆಯದು. ಹಾಗಾಗಿ ಆ ಲಾಠಿ ಹುಟ್ಟಿದ್ದು ಹೇಗೆ, ಅದನ್ನ ಬೀಸಿದಾಗ ಏನಾಯ್ತು, ಎಲ್ಲಿ ಅದು ಕೆಲಸ ಮಾಡ್ತು, ಎಲ್ಲಿ ಮಾಡಲಿಲ್ಲ ಅನ್ನೋದು ನಮಗೆ ಗೊತ್ತಿರಬೇಕು.

ಮೊದಲು ರೋಗದ ಬಗ್ಗೆ ಎರಡು ಮಾತು.

ಪ್ಲೇಗ್ ಮನುಷ್ಯನ ರೋಗವೇ ಅಲ್ಲ. ಅದು ಇಲಿಗಳ ರೋಗ. ಒಂದು ಬ್ಯಾಕ್ಟೀರಿಯಾ ಇಲಿಯ ರಕ್ತ ಸೇರುತ್ತೆ. ಆ ಇಲಿಯ ಮೈಮೇಲಿನ ಚಿಗಟ ರಕ್ತ ಹೀರುವಾಗ ಬ್ಯಾಕ್ಟೀರಿಯಾ ಚಿಗಟದ ಹೊಟ್ಟೆಗೆ ಹೋಗುತ್ತೆ. ಅಲ್ಲಿ ಅದು ಬೆಳೆದು, ಗಂಟು ಕಟ್ಟಿ, ಚಿಗಟದ ಅನ್ನನಾಳವನ್ನೇ ಮುಚ್ಚಿಬಿಡುತ್ತೆ. ಚಿಗಟ ಎಷ್ಟು ಕಚ್ಚಿದರೂ ಹೊಟ್ಟೆ ತುಂಬಲ್ಲ. ಹಸಿವಿನಿಂದ ಹುಚ್ಚು ಹಿಡಿದಂತೆ ಕಚ್ಚುತ್ತೆ, ಹೀರಿದ ರಕ್ತ ಒಳಗೆ ಹೋಗದೆ ವಾಪಸ್ ಬರುತ್ತೆ, ಜೊತೆಗೆ ಬ್ಯಾಕ್ಟೀರಿಯಾನೂ ಗಾಯಕ್ಕೆ ಇಳಿಯುತ್ತೆ. ಇಲಿ ಸತ್ತು ಮೈ ತಣ್ಣಗಾದ ಮೇಲೆ ಚಿಗಟಕ್ಕೆ ಅಲ್ಲಿ ಕೆಲಸ ಇಲ್ಲ. ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತೆ. ಮನೆಯಲ್ಲಿ ಇಲಿಗಳೆಲ್ಲ ಸತ್ತು ಹೋದ ಮೇಲೆ ಸಿಗೋ ಬೆಚ್ಚಗಿನ ಮೈ ಯಾವುದು? ನಮ್ಮದು.

ಕಚ್ಚಿದ ಕೆಲವೇ ದಿನಗಳಲ್ಲಿ ವಿಪರೀತ ಜ್ವರ. ತೊಡೆಯ ಸಂದಿಯಲ್ಲೋ, ಕಂಕುಳಲ್ಲೋ, ಕುತ್ತಿಗೆಯಲ್ಲೋ ಗಡ್ಡೆ. ನಮ್ಮ ಹಿರಿಯರು 'ಗಡ್ಡೆ ಬಂತು' ಅಂದ್ರೆ ಸಾಕಾಗಿತ್ತು, ರೋಗದ ಹೆಸರು ಹೇಳೋದೇ ಬೇಡ. ಔಷಧಿ ಇಲ್ಲದ ಕಾಲದಲ್ಲಿ ಗಡ್ಡೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದು ವಾರ ದಾಟುತ್ತಿರಲಿಲ್ಲ. ರೋಗ ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿನಿಂದಲೇ ಹರಡುತ್ತಿತ್ತು. ಆಗ ಉಳಿಯೋರೇ ಇಲ್ಲ.

ಇದು ಜಗತ್ತಿಗೆ ಹೊಸ ರೋಗ ಆಗಿರಲಿಲ್ಲ. 1347ರಿಂದ 1351ರ ನಡುವೆ ಯೂರೋಪಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ ಪ್ಲೇಗ್. ಬ್ಲ್ಯಾಕ್ ಡೆತ್ ಅಂತ ಹೆಸರು. ಕೊರೊನಾ ಕಾಲದಲ್ಲಿ ನಮ್ಮ ಹಳ್ಳಿ ಅಜ್ಜಿಯರ ಬಾಯಲ್ಲೂ ಹೊರಳಾಡಿದ 'ಕ್ವಾರಂಟೈನ್' ಅನ್ನೋ ಪದ ಹುಟ್ಟಿದ್ದು ಆ ಭಯದಿಂದಲೇ. ಇವತ್ತಿನ ಕ್ರೊಯೇಷಿಯಾದಲ್ಲಿರುವ ರಗೂಸಾ ಅನ್ನೋ ಬಂದರು ನಗರ 1377ರಲ್ಲಿ ಒಂದು ನಿಯಮ ಮಾಡ್ತು. ಪ್ಲೇಗ್ ಇರುವ ಊರಿನಿಂದ ಬಂದವರು 30 ದಿನ ಹೊರಗೇ ಇರಬೇಕು. ಆಮೇಲೆ ಅದು 40 ದಿನ ಆಯ್ತು. ಇಟಲಿಯವರ ಭಾಷೆಯಲ್ಲಿ ನಲವತ್ತಕ್ಕೆ ಕ್ವಾರಂಟಾ. ಅಲ್ಲಿಂದ ಕ್ವಾರಂಟೈನ್.

ಆ ಕಾಲದಲ್ಲಿ ಇನ್ನೊಂದು ವಿಷಯವೂ ನಡೀತು, ಅದನ್ನೂ ಹೇಳಬೇಕು. ರೋಗ ಹೇಗೆ ಬರುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಮನುಷ್ಯ ಸುಮ್ಮನಿರಲ್ಲ, ಒಬ್ಬ ಆರೋಪಿಯನ್ನ ಹುಡುಕ್ತಾನೆ. ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅಂತ ಪುಕಾರು ಎದ್ದಿತು. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯಹೂದಿಗಳನ್ನು ಜೀವಂತ ಸುಟ್ಟರು. ಬಾವಿಯಲ್ಲಿ ವಿಷ ಇರಲಿಲ್ಲ. ಚಿಗಟ ಅವರೆಲ್ಲರ ಮನೆಯಲ್ಲೂ ಇತ್ತು. ಈ ಅಭ್ಯಾಸ ಅಲ್ಲಿಗೇ ಮುಗೀತು ಅಂತ ಯಾರಾದರೂ ಅಂದುಕೊಂಡಿದ್ದರೆ, 2020ರಲ್ಲಿ ನಮ್ಮ ಫೋನುಗಳಿಗೆ ಬರ್ತಾ ಇದ್ದ ಫಾರ್ವರ್ಡ್ ಮೆಸೇಜ್‌ಗಳನ್ನ ಒಮ್ಮೆ ನೆನಪು ಮಾಡಿಕೊಳ್ಳಲಿ.

ಸರಿ, ಭಾರತಕ್ಕೆ ಬರೋಣ.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಎದ್ದಿತು. ಅಲ್ಲೇ ಅಲೆಕ್ಸಾಂಡರ್ ಯೆರ್ಸಿನ್ ಅನ್ನೋ ವಿಜ್ಞಾನಿ ಅದರ ಬ್ಯಾಕ್ಟೀರಿಯಾ ಪತ್ತೆ ಹಚ್ಚಿದರು. ಹಡಗುಗಳ ಜೊತೆ ಇಲಿಗಳು ಬಂದವು, ಇಲಿಗಳ ಜೊತೆ ರೋಗ ಬಂತು. 1896ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿಯ ಮಾಂಡ್ವಿ ಬಡಾವಣೆಯಲ್ಲಿ, ಬಂದರಿನ ಪಕ್ಕ, ದವಸದ ಗೋದಾಮುಗಳ ನಡುವೆ, ಗೋವಾ ಮೂಲದ ಡಾಕ್ಟರ್ ಅಕಾಸಿಯೋ ವಿಯೇಗಸ್ ಇದು ಪ್ಲೇಗ್ ಅಂತ ಗುರುತಿಸಿದರು. ಕೆಲವೇ ತಿಂಗಳಲ್ಲಿ ಬೊಂಬಾಯಿಯ ಸುಮಾರು ಅರ್ಧದಷ್ಟು ಜನ ಊರು ಬಿಟ್ಟು ಓಡಿದರು. ಗಿರಣಿಗಳಲ್ಲಿ ಕೆಲಸಕ್ಕೆ ಆಳಿಲ್ಲ. ತಿಂಗಳ ಸಂಬಳವನ್ನ ಹಿಡಿದಿಟ್ಟುಕೊಳ್ಳುತ್ತಿದ್ದ ಮಾಲೀಕರು ಆಗ ದಿನಗೂಲಿ ಲೆಕ್ಕದಲ್ಲಿ ಕೈಗೆ ದುಡ್ಡು ಕೊಟ್ಟು ಕಾರ್ಮಿಕರನ್ನ ಉಳಿಸಿಕೊಳ್ಳೋಕೆ ನೋಡಿದರು.

ಬ್ರಿಟಿಷರಿಗೆ ಇನ್ನೊಂದು ತಲೆನೋವು. ಬೊಂಬಾಯಿಯಿಂದ ಹೋಗುವ ಸರಕನ್ನು ಬೇರೆ ದೇಶಗಳು ಮುಟ್ಟಲ್ಲ ಅಂದ್ರೆ? ವ್ಯಾಪಾರ ನಿಂತುಹೋಗುತ್ತೆ. ಏನಾದರೂ ಮಾಡ್ತಾ ಇದ್ದೀವಿ ಅಂತ ಜಗತ್ತಿಗೆ ತೋರಿಸಬೇಕು, ಅದೂ ಬೇಗ. ಹೀಗೆ 1897ರ ಫೆಬ್ರವರಿ 4ರಂದು ಬಂದದ್ದೇ ಸಾಂಕ್ರಾಮಿಕ ರೋಗಗಳ ಕಾಯ್ದೆ.

ಆ ಕಾಯ್ದೆಯನ್ನ ಓದೋಕೆ ಐದು ನಿಮಿಷ ಸಾಕು. ಮೂಲದಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಸೆಕ್ಷನ್. ಒಂದು, ಕಾಯ್ದೆಯ ಹೆಸರು. ಎರಡು, ರೋಗ ತಡೆಯೋಕೆ ಸರ್ಕಾರ ತನಗೆ ಸರಿ ಅನ್ನಿಸಿದ ಯಾವುದೇ ಕ್ರಮ ತಗೋಬಹುದು. ಮೂರು, ಮಾತು ಕೇಳದವರಿಗೆ ಶಿಕ್ಷೆ. ನಾಲ್ಕು, ಈ ಕಾಯ್ದೆಯಡಿ ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿ ಮೇಲೆ ಕೇಸು ಹಾಕೋ ಹಾಗಿಲ್ಲ. ಅಷ್ಟೇ. ರೋಗಿಗೆ ಚಿಕಿತ್ಸೆ ಕೊಡಬೇಕು ಅಂತ ಅದರಲ್ಲಿಲ್ಲ. ಮನೆಯಿಂದ ಎತ್ತಿಕೊಂಡು ಹೋದವರಿಗೆ ಊಟ ಕೊಡಬೇಕು ಅಂತ ಇಲ್ಲ. ಏನು ಮಾಡ್ತಿದ್ದೀವಿ, ಯಾಕೆ ಮಾಡ್ತಿದ್ದೀವಿ ಅಂತ ಜನರಿಗೆ ತಿಳಿಸಬೇಕು ಅನ್ನೋದಂತೂ ಇಲ್ಲವೇ ಇಲ್ಲ.

ಈ ಕಾಯ್ದೆಯ ನಿಜವಾದ ಮುಖ ಕಂಡದ್ದು ಪುಣೆಯಲ್ಲಿ. 1897ರ ಮಾರ್ಚ್‌ನಲ್ಲಿ ಅಲ್ಲಿ ಪ್ಲೇಗ್ ಸಮಿತಿಯ ಅಧ್ಯಕ್ಷರಾಗಿದ್ದವರು ಐಸಿಎಸ್ ಅಧಿಕಾರಿ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್. ಮನೆ ಮನೆ ತಪಾಸಣೆಗೆ ಅವರು ಇಳಿಸಿದ್ದು ಸೈನಿಕರನ್ನ. ಬೂಟು ಹಾಕಿಕೊಂಡು ಅಡುಗೆಮನೆಗೆ, ದೇವರಕೋಣೆಗೆ ನುಗ್ಗಿದರು. ಗಡ್ಡೆ ಇದೆಯಾ ಅಂತ ಹೆಂಗಸರನ್ನ ಎಲ್ಲರೆದುರು ನಿಲ್ಲಿಸಿ ಪರೀಕ್ಷೆ ಮಾಡಿದರು. ಜ್ವರ ಬಂದವರನ್ನ ಆಸ್ಪತ್ರೆಗೆ, ಮನೆಯವರನ್ನ ಬೇರೆ ಶಿಬಿರಕ್ಕೆ ಎಳೆದುಕೊಂಡು ಹೋದರು. ಹಾಸಿಗೆ ಬಟ್ಟೆ ಬೀದಿಗೆ ಎಸೆದು ಸುಟ್ಟರು.

ಜನ ಏನು ಮಾಡಿದರು? ಯಾರು ತಾನೇ ಏನು ಮಾಡ್ತಾರೆ? ಬಚ್ಚಿಟ್ಟರು. ಜ್ವರ ಬಂದ ಮಗುವನ್ನ ತಾಯಿ ಅಟ್ಟದ ಮೇಲೆ ಬಚ್ಚಿಟ್ಟಳು. ಹೆಣವನ್ನೇ ಬಚ್ಚಿಟ್ಟರು. ಸತ್ತದ್ದು ಗೊತ್ತಾದರೆ ಬದುಕಿರೋರನ್ನೂ ಎತ್ತಿಕೊಂಡು ಹೋಗ್ತಾರೆ ಅನ್ನೋ ಭಯ. ರೋಗ ಕಣ್ಣಿಗೆ ಕಾಣಬೇಕು ಅಂತ ಮಾಡಿದ ತಪಾಸಣೆ ರೋಗವನ್ನ ಕಣ್ಣಿಗೆ ಕಾಣದ ಹಾಗೆ ಮಾಡ್ತು. ಬಲಪ್ರಯೋಗದ ಅತಿ ದೊಡ್ಡ ನಷ್ಟ ಇದು. ಜನ ನಿಮಗೆ ಸುಳ್ಳು ಹೇಳೋಕೆ ಶುರು ಮಾಡಿದ ದಿನದಿಂದ ನಿಮ್ಮ ಲೆಕ್ಕ ಸುಳ್ಳು, ನಿಮ್ಮ ಯೋಜನೆ ಸುಳ್ಳು.

ಪುಕಾರುಗಳಂತೂ ಕೇಳಲೇಬೇಡಿ. ಆಸ್ಪತ್ರೆಯಲ್ಲಿ ಕೊಲ್ತಾರೆ ಅಂತೆ, ಮನುಷ್ಯರ ದೇಹದಿಂದ ಎಣ್ಣೆ ತೆಗೆದು ಔಷಧಿ ಮಾಡ್ತಾರೆ ಅಂತೆ! ನಗು ಬರುತ್ತೆ ಅಲ್ವಾ? ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಆಸ್ಪತ್ರೆಗೆ ಹೋದವರಲ್ಲಿ ಬಹಳಷ್ಟು ಜನ ವಾಪಸ್ ಬರಲೇ ಇಲ್ಲ. ಯಾಕೆ ಅಂತ ಹೇಳೋರಿಲ್ಲ. ಹೇಳೋರಿಲ್ಲದ ಕಡೆ ಪುಕಾರೇ ಸುದ್ದಿ. ಬೊಂಬಾಯಿಯಲ್ಲಿ 1896ರ ಅಕ್ಟೋಬರ್‌ನಲ್ಲೇ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆ ಮೇಲೆ ದಾಳಿ ಮಾಡಿದ್ದರು.

1897ರ ಜೂನ್ 22. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ಸಂಭ್ರಮ. ಆ ರಾತ್ರಿ ಪುಣೆಯಲ್ಲಿ ಔತಣ ಮುಗಿಸಿ ಹೊರಟಿದ್ದ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಲೆಫ್ಟಿನೆಂಟ್ ಆಯರ್ಸ್ಟ್ ಸ್ಥಳದಲ್ಲೇ ಸತ್ತರೆ, ರ‍್ಯಾಂಡ್ ಜುಲೈ 3ರಂದು ಸತ್ತರು. ದಾಮೋದರ ಚಾಪೇಕರ್ ಅವರನ್ನ 1898ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. 'ಕೇಸರಿ'ಯ ಬರಹಗಳಿಗಾಗಿ ತಿಲಕರಿಗೆ ರಾಜದ್ರೋಹದ ಕೇಸಿನಲ್ಲಿ 18 ತಿಂಗಳ ಜೈಲು ಶಿಕ್ಷೆ ಆಯ್ತು. ಒಂದು ಇಲಿಯ ರೋಗ, ಅದನ್ನ ನಿಭಾಯಿಸಿದ ರೀತಿಯಿಂದಾಗಿ, ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯವೇ ಆಗಿಹೋಯ್ತು.

ಅದೇ ಪುಣೆಯಲ್ಲಿ ಇನ್ನೊಂದು ದೃಶ್ಯವೂ ಇತ್ತು. ಸಾವಿತ್ರಿಬಾಯಿ ಫುಲೆ. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ತಾಯಿ. ಆಗ ಅವರಿಗೆ 66 ವರ್ಷ. ಡಾಕ್ಟರಾಗಿದ್ದ ದತ್ತುಮಗ ಯಶವಂತ ಅವರ ಜೊತೆ ಸೇರಿ ಪ್ಲೇಗ್ ರೋಗಿಗಳಿಗೆ ಚಿಕಿತ್ಸಾಲಯ ನಡೆಸಿದರು. ಯಾರೂ ಮುಟ್ಟದ ರೋಗಿಗಳನ್ನ ಅವರು ಮುಟ್ಟಿದರು. ರೋಗಿಗಳ ಸೇವೆ ಮಾಡ್ತಾನೇ ಪ್ಲೇಗ್ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಜನ ಈ ತಾಯಿಯ ಬಾಗಿಲಿಗೆ ಹೋಗ್ತಾ ಇದ್ದರು. ರೋಗ ಅದೇ, ಊರು ಅದೇ.

ಈಗ ರೈಲು ಹತ್ತಿ ನಮ್ಮ ಹುಬ್ಬಳ್ಳಿಗೆ ಬರೋಣ. ಪ್ಲೇಗೂ ಹಾಗೇ ಬಂತು, ರೈಲಿನಲ್ಲಿ. ಹುಬ್ಬಳ್ಳಿಯಲ್ಲಿ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಇತ್ತು, ಹತ್ತಿ ವ್ಯಾಪಾರ ಇತ್ತು, ಸುಮಾರು 50 ಸಾವಿರ ಜನ ಇದ್ದರು. ಅಲ್ಲಿ ಆದ ಕಥೆ ಬೇರೆ. ಅದಕ್ಕೆ ಕಾರಣ ಒಬ್ಬ ವಿಜ್ಞಾನಿ, ವಾಲ್ಡಿಮಾರ್ ಹಾಫ್ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಭಾರತಕ್ಕೆ ಬಂದು ಕಾಲರಾ ಲಸಿಕೆ ಪ್ರಯೋಗ ಮಾಡಿದ್ದವರು. ಪ್ಲೇಗ್ ಬಂದಾಗ ಬೊಂಬಾಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಚಿಕ್ಕ ಜಾಗದಲ್ಲಿ ಪ್ರಯೋಗಾಲಯ ಹೂಡಿ, ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿದರು. ಬ್ಯಾಕ್ಟೀರಿಯಾವನ್ನ ಬೆಳೆಸಿ, ಕಾಯಿಸಿ ಕೊಂದು ಮಾಡಿದ ಲಸಿಕೆ. ಮೊದಲು ಯಾರಿಗೆ ಚುಚ್ಚಿದರು ಗೊತ್ತಾ? ತಮಗೇ. 1897ರ ಜನವರಿ 10. ಜ್ವರ ಬಂತು, ತೋಳು ನೋವಾಯ್ತು, ಬದುಕಿ ಉಳಿದರು. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಮುಂದೆ ಬಂದ ಕೈದಿಗಳಿಗೆ.

1898ರಲ್ಲಿ ಹುಬ್ಬಳ್ಳಿಯಲ್ಲಿ ಈ ಲಸಿಕೆ ದೊಡ್ಡ ಪ್ರಮಾಣದಲ್ಲಿ ಹಾಕಿದರು. ಕೆಲವೇ ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸೂಜಿ ಚುಚ್ಚಿಸಿಕೊಂಡರು. ಟಿವಿ ಇಲ್ಲ, ರೇಡಿಯೋ ಇಲ್ಲ, ಓದು ಬಲ್ಲವರೇ ಕಡಿಮೆ ಇದ್ದ ಕಾಲ. ಹಾಗಂತ ಎಲ್ಲರೂ ಖುಷಿಯಿಂದ ತೋಳು ಮುಂದೆ ಚಾಚಿದರು ಅಂತ ನಾನು ಹೇಳಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ನಿರ್ಬಂಧಗಳಿಂದ ಒಂದಿಷ್ಟು ವಿನಾಯ್ತಿ ಇತ್ತು, ಆ ಆಸೆಯೂ ಕೆಲಸ ಮಾಡಿರುತ್ತೆ. ಆದರೆ ಅದಕ್ಕಿಂತ ಹೆಚ್ಚಾಗಿ ಜನ ನೋಡಿದ್ದು ಒಂದನ್ನ: ಹಾಕಿಸಿಕೊಂಡ ಮನೆಗಳಲ್ಲಿ ಸಾವು ಕಡಿಮೆ, ಹಾಕಿಸಿಕೊಳ್ಳದ ಮನೆಗಳಲ್ಲಿ ಹೆಚ್ಚು. ಪಕ್ಕದ ಮನೆಯವನು ಬದುಕಿದ್ದಾನೆ ಅನ್ನೋದಕ್ಕಿಂತ ದೊಡ್ಡ ಜಾಹೀರಾತು ಬೇಕಾ? ಪುಣೆಯಲ್ಲಿ ಸೈನಿಕರು ಮಾಡೋಕಾಗದ ಕೆಲಸವನ್ನ ಹುಬ್ಬಳ್ಳಿಯಲ್ಲಿ ಸೂಜಿ ಮಾಡ್ತು.

ಆದರೆ ನಂಬಿಕೆ ಅನ್ನೋದು ಗಾಜಿನ ಲೋಟ. 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್ ಅನ್ನೋ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನಕ್ಕೂ ಒಂದೇ ಬಾಟಲಿಯಿಂದ ಲಸಿಕೆ ಹೋಗಿತ್ತು. ತಪ್ಪನ್ನ ಹಾಫ್ಕಿನ್ ಪ್ರಯೋಗಾಲಯದ ತಲೆಗೆ ಕಟ್ಟಿದರು, ಅವರನ್ನ ಹುದ್ದೆಯಿಂದ ಕೆಳಗಿಳಿಸಿದರು. ನಿಜ ಏನಾಗಿತ್ತು? ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನ ಸರಿಯಾಗಿ ಶುದ್ಧ ಮಾಡದೇ ಬಳಸಿದ್ದರು. ಮಲೇರಿಯಾಕ್ಕೆ ಸೊಳ್ಳೆ ಕಾರಣ ಅಂತ ಕಂಡುಹಿಡಿದ ರೊನಾಲ್ಡ್ ರಾಸ್ ಅವರಂಥವರು ದನಿ ಎತ್ತಿದ ಮೇಲೆ, 1907ರಲ್ಲಿ ಹಾಫ್ಕಿನ್ ಹೆಸರಿಗೆ ಅಂಟಿದ ಕಳಂಕ ಹೋಯ್ತು. ಐದು ವರ್ಷ ಬೇಕಾಯ್ತು. ಆ ಐದು ವರ್ಷ ಪ್ಲೇಗ್ ಕೈಕಟ್ಟಿ ಕೂತಿರಲಿಲ್ಲ. 1907ನೇ ಇಸವಿ ಒಂದರಲ್ಲೇ ಭಾರತದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು, ಅದರಲ್ಲಿ ಅತಿ ಹೆಚ್ಚು ಪಂಜಾಬಿನವರು. ತಪ್ಪು ಎಲ್ಲಾಯ್ತು ಅಂತ ಬೇಗ, ನೇರವಾಗಿ, ಎಲ್ಲರೆದುರು ಹೇಳದೇ ಇದ್ದರೆ ತಪ್ಪಿನ ಬೆಲೆ ದುಪ್ಪಟ್ಟಾಗುತ್ತೆ. ಇವತ್ತು ಮುಂಬೈಯಲ್ಲಿ ಹಾಫ್ಕಿನ್ ಹೆಸರಿನ ಸಂಸ್ಥೆ ಇದೆ. ಆ ಹೆಸರು ಇಟ್ಟದ್ದು 1925ರಲ್ಲಿ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಷ್ಟು ಹೊತ್ತು? ಆಗಲೂ ರೈಲಿತ್ತು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲೇ ಬೆಂಗಳೂರಿಗೆ ಪ್ಲೇಗ್ ಬಂದಿಳಿಯಿತು. ಆಗ ಬೆಂಗಳೂರು ಅಂದ್ರೆ ಎರಡು ಊರು. ಒಂದು ಮೈಸೂರು ಸಂಸ್ಥಾನದ ಪೇಟೆ, ಇನ್ನೊಂದು ಬ್ರಿಟಿಷರ ದಂಡು. ಪೇಟೆಯ ಇಕ್ಕಟ್ಟಿನ ಓಣಿಗಳು, ಮನೆಗೆ ಅಂಟಿಕೊಂಡ ಮನೆ, ಅಕ್ಕಿ ಬೇಳೆ ಮೂಟೆಗಳು, ಗಾಳಿ ಬೆಳಕಿಲ್ಲದ ಕೋಣೆಗಳು. ಇಲಿಗಳಿಗೆ ಸ್ವರ್ಗ.

ಮೈಸೂರು ಸರ್ಕಾರದ ದಿವಾನರು ಆಗ ಶೇಷಾದ್ರಿ ಅಯ್ಯರ್. ವಿ.ಪಿ. ಮಾಧವರಾವ್ ಅವರನ್ನ ಪ್ಲೇಗ್ ಕಮಿಷನರ್ ಮಾಡಿದರು. ಇಲ್ಲೂ ತಪಾಸಣೆ ಇತ್ತು, ಶಿಬಿರ ಇತ್ತು, ಜನರ ಸಿಟ್ಟೂ ಇತ್ತು. ಶ್ರೀರಂಗಪಟ್ಟಣದ ಕಡೆ ಗಲಭೆಯೇ ಆಯ್ತು. ನಮ್ಮವರು ಮಾಡಿದ್ದೆಲ್ಲ ಚಿನ್ನ ಅಂತ ಹೇಳೋಕೆ ನಾನು ಕೂತಿಲ್ಲ. ಆದರೆ ಇಲ್ಲಿ ಇನ್ನೊಂದು ಯೋಚನೆಯೂ ನಡೀತು: ರೋಗಿಯನ್ನ ಎಳೆದುಕೊಂಡು ಹೋಗೋದಷ್ಟೇ ಸಾಲದು, ಅವನು ಬದುಕುವ ಮನೆಯನ್ನ ಬದಲಾಯಿಸಬೇಕು.

ಮಲ್ಲೇಶ್ವರ, ಬಸವನಗುಡಿ ನೋಡಿದ್ದೀರಲ್ಲ? ಅಗಲವಾದ ರಸ್ತೆ, ನೇರವಾದ ಕ್ರಾಸ್‌ಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್. ಈ ಬಡಾವಣೆಗಳ ಯೋಜನೆ ಪ್ಲೇಗಿಗೂ ಸ್ವಲ್ಪ ಮೊದಲೇ ಶುರುವಾಗಿತ್ತು, ಆದರೆ ಪೇಟೆಯ ಜನ ಅಲ್ಲಿಗೆ ಹೋಗಿ ಮನೆ ಕಟ್ಟುವಂತೆ ಮಾಡಿದ್ದು ಪ್ಲೇಗಿನ ಭಯ. ದಂಡಿನ ಕಡೆ 1910ರ ಸುಮಾರಿಗೆ ಎದ್ದ ಫ್ರೇಜರ್ ಟೌನ್, ಈಗಿನ ಪುಲಕೇಶಿನಗರ, ಅಲ್ಲಿ ಇಲಿ ನುಗ್ಗದ ಹಾಗೆ ಮನೆ ಕಟ್ಟಿಸೋಕೆ ನೋಡಿದರು. ಪ್ಲೇಗ್ ಕೆಲಸದ ಸುದ್ದಿ ಬೇಗ ಮುಟ್ಟಲಿ ಅಂತ ಬೆಂಗಳೂರಿನಲ್ಲಿ 1898ರಲ್ಲೇ ಟೆಲಿಫೋನ್ ತಂತಿ ಎಳೆದರು. ಪ್ಲೇಗಿನ ಎರಡನೇ ವರ್ಷ ದಾಟುತ್ತಿದ್ದಂತೆ, 1900ರ ಡಿಸೆಂಬರ್‌ನಲ್ಲಿ, ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ಮೈಸೂರು ನಗರಕ್ಕೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ನಾವು ಇವತ್ತು 'ಪ್ಲ್ಯಾನ್ಡ್ ಸಿಟಿ' ಅಂತ ಹೆಮ್ಮೆ ಪಡೋದರ ಹಿಂದೆ ಸತ್ತ ಇಲಿಗಳೂ ಇವೆ, ಸತ್ತ ಮನುಷ್ಯರೂ ಇದ್ದಾರೆ.

ಇಲ್ಲೊಂದು ಮಾತು. ಹೊಸ ಬಡಾವಣೆಗೆ ಹೋದವರು ಯಾರು? ಸೈಟು ಕೊಂಡು ಮನೆ ಕಟ್ಟೋ ಶಕ್ತಿ ಇದ್ದವರು. ಕೂಲಿ ಮಾಡೋರು ಅದೇ ಓಣಿಯಲ್ಲಿ, ಅದೇ ಇಲಿಗಳ ಜೊತೆ ಉಳಿದರು. ಸಾಂಕ್ರಾಮಿಕ ರೋಗ ಬಡವ ಬಲ್ಲಿದ ಅಂತ ನೋಡಲ್ಲ ಅಂತ ನಾವು ಟಿವಿಯಲ್ಲಿ ಕೂತು ಸಲೀಸಾಗಿ ಹೇಳಿಬಿಡ್ತೀವಿ. ರೋಗಾಣು ನೋಡಲ್ಲ, ನಿಜ. ಆದರೆ ಮನೆ ನೋಡುತ್ತೆ, ಜೇಬು ನೋಡುತ್ತೆ.

ಇನ್ನು ಇಡೀ ಕಥೆಯ ತಿರುಳಿಗೆ ಬರ್ತೀನಿ. ಶೀರ್ಷಿಕೆಯಲ್ಲಿ ಇಟ್ಟ ಮಾತು.

ಸರ್ಕಾರ ತಪಾಸಣೆ ಮಾಡ್ತು, ಶಿಬಿರ ಕಟ್ಟಿತು, ಚರಂಡಿಗೆ ಔಷಧಿ ಸುರಿಯಿತು, ಮನೆಗೆ ಸುಣ್ಣ ಬಳಿಸಿತು. ಎಲ್ಲವೂ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತೆ, ಕೊಳಕಿನಿಂದ ಹುಟ್ಟುತ್ತೆ ಅನ್ನೋ ನಂಬಿಕೆ ಮೇಲೆ. ಚಿಗಟದ ಕಡೆ ಯಾರೂ ನೋಡಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮಾಂಡ್ ಒಂದು ಸಣ್ಣ ಪ್ರಯೋಗ ಮಾಡಿದರು. ಒಂದು ಗಾಜಿನ ಜಾಡಿಯಲ್ಲಿ ಚಿಗಟ ಇರುವ ರೋಗಿ ಇಲಿ. ಅದರ ಮೇಲೆ, ಮುಟ್ಟೋಕೆ ಆಗದ ಹಾಗೆ, ತಂತಿ ಬುಟ್ಟಿಯಲ್ಲಿ ತೂಗು ಹಾಕಿದ ಆರೋಗ್ಯವಂತ ಇಲಿ. ಕೆಳಗಿನ ಇಲಿ ಸತ್ತಿತು. ಕೆಲವು ದಿನ ಕಳೆದ ಮೇಲೆ ಮೇಲಿನದೂ ಪ್ಲೇಗಿನಿಂದ ಸತ್ತಿತು. ನಡುವೆ ಜಿಗಿದದ್ದು ಚಿಗಟ. ಸೀಮಾಂಡ್ ಬರೆದು ಪ್ರಕಟಿಸಿದರು. ದೊಡ್ಡ ದೊಡ್ಡವರು ನಂಬಲಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ ಕಳೆದ ಮೇಲೆ ಭಾರತದ ಪ್ಲೇಗ್ ಕಮಿಷನ್ ಅದನ್ನೇ ಖಚಿತಪಡಿಸಿತು.

ಆದರೆ ನಮ್ಮ ಹಳ್ಳಿಯವರು ಏನು ಮಾಡ್ತಾ ಇದ್ದರು? ಮನೆಯ ಸೂರಿನಿಂದ ಇಲಿ ಬಿದ್ದು ಸತ್ತರೆ ಸಾಕು, ಊರು ಬಿಡ್ತಾ ಇದ್ದರು. ಊರಾಚೆ ಹೊಲದಲ್ಲಿ, ತೋಪಿನಲ್ಲಿ, ತೆಂಗಿನ ಗರಿ, ಜೋಳದ ದಂಟು, ಹುಲ್ಲು ಏನು ಸಿಕ್ಕಿದರೆ ಅದರಿಂದ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರ್ತಾ ಇದ್ದರು. ಮಳೆಯಲ್ಲಿ ನೆನೆದರು, ಚಳಿಯಲ್ಲಿ ನಡುಗಿದರು. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು 'ನಾನು ಹುಟ್ಟಿದ್ದು ಪ್ಲೇಗ್ ಗುಡಿಸಲಲ್ಲಿ' ಅಂತ ವಯಸ್ಸಿನ ಲೆಕ್ಕ ಹೇಳ್ತಾ ಇದ್ದರು. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಬಿದ್ದು ಸಾಯೋದು ನೆನಪಿರುತ್ತೆ. ಅದು ಬರೀ ಕಲ್ಪನೆಯಾಗಿರಲಿಲ್ಲ. ನಮ್ಮ ಜನ ಕಣ್ಣಾರೆ ಕಂಡ ಮುನ್ಸೂಚನೆ ಅದು.

ಯಾರೂ ಅವರಿಗೆ ಬ್ಯಾಕ್ಟೀರಿಯಾ ಪಾಠ ಮಾಡಿರಲಿಲ್ಲ. ಆದರೂ ಅವರು ಮಾಡಿದ್ದು ವಿಜ್ಞಾನಕ್ಕೆ ನೂರಕ್ಕೆ ನೂರು ಒಪ್ಪುವ ಕೆಲಸ. ಇಲಿ ಸತ್ತಿದೆ ಅಂದ್ರೆ ಚಿಗಟಗಳು ಮನುಷ್ಯನನ್ನ ಹುಡುಕ್ತಾ ಇವೆ ಅಂತ ಅರ್ಥ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯನೇ ಇಲ್ಲದಿದ್ದರೆ? ಕಥೆ ಮುಗೀತು. ಕೊನೆಗೆ ಸರ್ಕಾರವೂ ಅದನ್ನೇ ಒಪ್ಪಿಕೊಳ್ತು. ಸೈನಿಕರ ತಪಾಸಣೆ ಕೈಬಿಟ್ಟು, ಊರು ಖಾಲಿ ಮಾಡಿಸೋದು, ಇಲಿ ಹಿಡಿಯೋದು, ಇಷ್ಟಪಟ್ಟವರಿಗೆ ಲಸಿಕೆ ಹಾಕೋದು, ಈ ಮೂರೇ ಮುಖ್ಯ ದಾರಿಯಾದವು.

ಇದನ್ನ ಕೇಳಿ ಯಾರಾದರೂ 'ನೋಡಿ, ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು, ಈ ಡಾಕ್ಟರು, ಲಸಿಕೆ ಎಲ್ಲಾ ಬೇಕಿಲ್ಲ' ಅಂತ ಹೊರಟರೆ, ದಯವಿಟ್ಟು ನಿಲ್ಲಿ. ಅದೇ ಹಿರಿಯರು ಲಸಿಕೆಗೆ ಹೆದರಿ ಸತ್ತರು. ಆಸ್ಪತ್ರೆಗೆ ಹೆದರಿ ಸತ್ತರು. ಊರು ಬಿಡುವಾಗ ಧಾನ್ಯದ ಮೂಟೆ ಹೊತ್ತುಕೊಂಡು ಹೋಗಿ, ಅದರಲ್ಲೇ ಅವಿತಿದ್ದ ಚಿಗಟವನ್ನ ಇನ್ನೊಂದು ಊರಿಗೆ ಮುಟ್ಟಿಸಿದರು. ಸರ್ಕಾರಕ್ಕೆ ಅರ್ಧ ಗೊತ್ತಿತ್ತು, ಜನರಿಗೆ ಅರ್ಧ ಗೊತ್ತಿತ್ತು. ಎರಡು ಅರ್ಧ ಒಂದಾಗೋಕೆ ಹತ್ತು ವರ್ಷ ಬೇಕಾಯ್ತು. ನಡುವೆ ಮಾತುಕತೆಯೇ ಇರಲಿಲ್ಲ, ಲಾಠಿ ಇತ್ತು ಅಷ್ಟೇ. 1896ರಿಂದ ಶುರುವಾಗಿ ಮುಂದಿನ ಕೆಲವು ದಶಕಗಳಲ್ಲಿ ಭಾರತದಲ್ಲಿ ಪ್ಲೇಗ್ ತಿಂದು ಹಾಕಿದ್ದು ಒಂದು ಕೋಟಿಗೂ ಹೆಚ್ಚು ಜೀವಗಳನ್ನ.

ಆಮೇಲೆ 1940ರ ದಶಕದಲ್ಲಿ ಡಿಡಿಟಿ ಬಂತು, ಸ್ಟ್ರೆಪ್ಟೋಮೈಸಿನ್ ಬಂತು, ಪ್ಲೇಗ್ ಸೋಲ್ತಾ ಹೋಯ್ತು. 1966ರಲ್ಲಿ ನಮ್ಮ ಕೋಲಾರದ ಮುಳಬಾಗಿಲಿನಲ್ಲಿ ಕಂಡ ಪ್ಲೇಗೇ ಕೊನೆಯದು ಅಂತ ದೇಶ ಬಹಳ ವರ್ಷ ಅಂದುಕೊಂಡಿತ್ತು. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಮತ್ತೆ ಎದ್ದಿತು. ಈಗ ಔಷಧಿ ಇತ್ತು, ಟೆಟ್ರಾಸೈಕ್ಲಿನ್ ಮಾತ್ರೆ ಇತ್ತು. ಆದರೂ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಸೂರತ್ ಬಿಟ್ಟು ಓಡಿದರು. ಓಡಿದವರಲ್ಲಿ ಡಾಕ್ಟರುಗಳೂ ಇದ್ದರು. 1896ರ ಬೊಂಬಾಯಿಗೂ ಇದಕ್ಕೂ ಸುಮಾರು ನೂರು ವರ್ಷದ ವ್ಯತ್ಯಾಸ. ಭಯಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

ಈಗ 2020ಕ್ಕೆ ಬನ್ನಿ. ಕೊರೊನಾದಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯವರದ್ದು. ಅದೇ ಮಾರ್ಚ್‌ನಲ್ಲಿ ಹಳೇ ಕಾಯ್ದೆ ಹೊರಬಂತು. ವಿದೇಶದಿಂದ ಬಂದವರ ಕೈಗೆ ಸೀಲು ಹೊಡೆದರು. ಲಾಕ್‌ಡೌನ್ ಆಯ್ತು. ಗಂಟುಮೂಟೆ ಹೊತ್ತುಕೊಂಡು ಹೆದ್ದಾರಿಯಲ್ಲಿ ನಡೆದು ಹೋಗ್ತಿದ್ದ ಕಾರ್ಮಿಕರನ್ನ ನಾವೆಲ್ಲಾ ತೆರೆಯ ಮೇಲೆ ನೋಡಿದ್ವಿ. ಮೇ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನ ರದ್ದು ಮಾಡ್ತು, ಕಟ್ಟಡ ಕೆಲಸಕ್ಕೆ ಆಳು ಬೇಕು ಅನ್ನೋ ಮಾತು ಬಂತು, ದೇಶದೆಲ್ಲೆಡೆ ಟೀಕೆ ಎದ್ದ ಮೇಲೆ ಮತ್ತೆ ರೈಲು ಬಿಟ್ಟರು. ಬೊಂಬಾಯಿ ಗಿರಣಿ ಮಾಲೀಕರು ನೆನಪಾಗಲ್ವಾ? ಅವರು ಕಾರ್ಮಿಕರನ್ನ ಉಳಿಸಿಕೊಳ್ಳೋಕೆ ಕೈಗೆ ದಿನಗೂಲಿಯನ್ನಾದರೂ ಕೊಟ್ಟಿದ್ದರು.

ಕೊರೊನಾ ಕಾಲದಲ್ಲಿ ಒಳ್ಳೆಯದು ಆಗಲಿಲ್ಲ ಅಂತಲ್ಲ. ಏಪ್ರಿಲ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ಮಾಡಿದವರಿಗೆ ಕಠಿಣ ಶಿಕ್ಷೆ ಇಟ್ಟರು. ಕರ್ನಾಟಕವೂ ಅದೇ ವರ್ಷ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಶಿಕ್ಷೆ ಬರೆದದ್ದಾಯ್ತು, ಅಧಿಕಾರ ಬರೆದದ್ದಾಯ್ತು. ಕೂಲಿ ನಿಂತವನ ಊಟ, ದೂರ ಇಟ್ಟವನ ಘನತೆ, ಜನರಿಗೆ ಕೊಡಬೇಕಾದ ಉತ್ತರ, ಇವು ಸರ್ಕಾರದ ಕರ್ತವ್ಯ ಅಂತ ಕಪ್ಪು ಬಿಳುಪಿನಲ್ಲಿ ಬರೆಯೋದು ಯಾವಾಗ?

ಆ ದಿನಗಳ ಆಶಾ ಕಾರ್ಯಕರ್ತೆಯನ್ನ ಯೋಚನೆ ಮಾಡಿ. ಅದೇ ಊರಿನ ಹೆಣ್ಣುಮಗಳು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಶುಗರ್ ಇರೋ ಅಜ್ಜ ಇದ್ದಾನೆ ಅವಳಿಗೆ ಗೊತ್ತು. ಅವಳು ಬಾಗಿಲು ತಟ್ಟಿದರೆ ಬಾಗಿಲು ತೆರೆಯುತ್ತೆ, ಬೂಟುಗಾಲು ಬಂದರೆ ಅದೇ ಬಾಗಿಲಿಗೆ ಒಳಗಿಂದ ಚಿಲಕ ಬೀಳುತ್ತೆ. ಪುಣೆಯಿಂದ ಇವತ್ತಿನವರೆಗೂ ಪ್ಲೇಗ್ ಕಲಿಸಿದ ಪಾಠ ಇಷ್ಟೇ. ಇಂಥ ಹೆಣ್ಣುಮಗಳಿಗೆ ತಿಂಗಳಿಗೆ ಸರಿಯಾದ ಸಂಬಳ ಕೊಡಿ ಅಂತ ಅವಳು ಬೀದಿಗಿಳಿದು ಕೂತು ಕೇಳಬೇಕಾಗಿದೆ ಅನ್ನೋದು ನಾವು ಪಾಠ ಕಲಿತಿಲ್ಲ ಅನ್ನೋದಕ್ಕೆ ಸಾಕ್ಷಿ.

ಇನ್ನೊಂದು ರೋಗ ಬರುತ್ತೆ. ಯಾವಾಗ, ಎಲ್ಲಿಂದ ಅಂತ ಹೇಳೋಕೆ ನಾನು ಜ್ಯೋತಿಷಿ ಅಲ್ಲ, ಆದರೆ ಬರುತ್ತೆ. ಬಂದಾಗ ಟಿವಿ ಮುಂದೆ ಕೂತ ನೀವು ನಮ್ಮಂಥ ಆಂಕರ್‌ಗಳನ್ನ, ನಮ್ಮ ಎದುರು ಕೂತ ಮಂತ್ರಿಗಳನ್ನ ನಾಲ್ಕು ಪ್ರಶ್ನೆ ಕೇಳಿ. ಇದು ಹೇಗೆ ಹರಡುತ್ತೆ ಅಂತ ನಿಮಗೆ ಇವತ್ತು ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ? ಈ ಕ್ರಮ ಯಾ ಆಧಾರದ ಮೇಲೆ? ಇದರಿಂದ ಕೂಲಿ ಕಳೆದುಕೊಳ್ಳೋರು ಯಾರು, ಅವರಿಗೆ ಏನು ಕೊಡ್ತೀರಿ? ತಪ್ಪಾದರೆ ಯಾರು ಬಂದು ಹೇಳ್ತಾರೆ? ಉತ್ತರ ಕೊಡದೇ ಯಾರಾದರೂ ಒಂದು ಜಾತಿ, ಒಂದು ಧರ್ಮ, ಒಂದು ಬಡಾವಣೆಯ ಕಡೆ ಬೆರಳು ತೋರಿಸಿದರೆ, ಅವರಿಗೆ ಉತ್ತರ ಗೊತ್ತಿಲ್ಲ ಅಂತ ತಿಳ್ಕೊಳ್ಳಿ. ರಿಮೋಟ್ ನಿಮ್ಮ ಕೈಯಲ್ಲೇ ಇದೆ. ಅಂಥ ಚಾನೆಲ್ ಯಾವುದೇ ಇರಲಿ, ನನ್ನದೇ ಇರಲಿ, ಬದಲಾಯಿಸಿ.